ಕೋರಂ ಆಯ್ತಾ, ಸ್ವಾಮಿ?

ಸಂಘದ ನೋಟಿಸು ಬಂದಾಗ ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಗುತ್ತೆ, ನಿಜ ಹೇಳಿ. ವಿಷಯಸೂಚಿಗಾ? ಲೆಕ್ಕಪತ್ರಕ್ಕಾ? ಬಿಡಿ, ನಮ್ಮನಮ್ಮಲ್ಲಿ ಸುಳ್ಳು ಯಾಕೆ. ಕಡೇ ಸಾಲಿಗೆ ಹೋಗುತ್ತೆ. ‘ಸಭೆಯ ನಂತರ ಊಟದ ವ್ಯವಸ್ಥೆ ಇದೆ’ ಅಂತಿದ್ರೆ ಭಾನುವಾರ ನೀವು ಫ್ರೀ. ಇಲ್ದಿದ್ರೆ ಅವತ್ತೇ ಡೆಂಕಣಿಕೋಟೆಯಲ್ಲಿ ನಿಮ್ಮ ನೆಂಟರ ಗೃಹಪ್ರವೇಶ. (ವರ್ಷಕ್ಕೊಂದು ಮನೆ ಕಟ್ಟೋ ಆ ನೆಂಟರು ಯಾರು ಅಂತ ಬೇಟರಾಯಸ್ವಾಮಿಗೇ ಗೊತ್ತು.)

ಕೋಪ ಮಾಡ್ಕೋಬೇಡಿ. ಹೊಸೂರು ಸೀಮೆಯಲ್ಲಿ ಇದ್ದ ಮೇಲೆ ಸಂಘ ತಪ್ಪಿದ್ದಲ್ಲ. ಬೆಂಗಳೂರಿಗೆ ದಿನಾ ಓಡಾಡೋರ ಅಪಾರ್ಟ್‌ಮೆಂಟ್ ಸಂಘ, ಕನ್ನಡ ಸಂಘ, ದೇವಸ್ಥಾನದ ಕಮಿಟಿ, ಗುಲಾಬಿ ಬೆಳೆಯೋರ ಸಂಘ, ಜಾತಿ ಸಂಘ, ಬೆಳಿಗ್ಗೆ ವಾಕಿಂಗ್ ಹೋಗೋರ ಸಂಘ. ಎಲ್ಲದಕ್ಕೂ ನೀವು ಮೆಂಬರು. ಚಂದಾ ಮಾತ್ರ ಬಾಕಿ.

ನೋಂದಣಿಯಾದ ಸಂಘಗಳಿಗೆ ನಮ್ಮ ಕಡೆ 1975ರ ತಮಿಳುನಾಡು ಸಂಘಗಳ ನೋಂದಣಿ ಕಾಯ್ದೆ ಇದೆ. ಏಳು ಜನ ಕೂಡಿದ್ರೆ ಸಂಘ. ಕಮಿಟಿಯಲ್ಲಿ ಮೂವರಿಗೆ ಕಮ್ಮಿ ಇರಬಾರದು. ಕಮಿಟಿಯ ಅವಧಿ ಮೂರು ವರ್ಷ ದಾಟಬಾರದು. ಅವರನ್ನೇ ಮತ್ತೆ ಆರಿಸಬಾರದು ಅಂತೇನಿಲ್ಲ. (ಅದಕ್ಕೇ ನೋಡಿ, ನಿಮ್ಮ ಸಂಘದ ಗ್ರೂಪ್ ಫೋಟೋಗಳಲ್ಲಿ ಬದಲಾಗಿರೋದು ತಲೆಗೂದಲು ಮಾತ್ರ. ತಲೆಗಳು ಅವೇ.) ಇನ್ನು ಬೈಲಾ ಅಂತ ಒಂದು ಪುಸ್ತಕ ಇರುತ್ತೆ. ಮೆಂಬರ್ ಆಗೋವಾಗ ‘ಓದಿ ಒಪ್ಪಿದ್ದೇನೆ’ ಅಂತ ಸೈನ್ ಹಾಕಿದ್ರಿ. ಅದರ ಬಣ್ಣ ಹೇಳಿ ನೋಡೋಣ.

ಹತ್ತು ಗಂಟೆ ಮೀಟಿಂಗಿಗೆ ನೀವು ಹತ್ತೂ ಮುಕ್ಕಾಲಿಗೆ ಬರ್ತೀರಿ. ಹಾಜರಿ ಪುಸ್ತಕಕ್ಕೆ ಸೈನ್ ಹಾಕಿ, ಟೀ ಕಪ್ಪು ಹಿಡ್ಕೊಂಡು, ಹೊರಗೆ ಚಪ್ಪಲಿಗಳ ಮಧ್ಯೆ ನಿಂತ್ಕೋತೀರಿ. ಒಳಗೆ ಕಾರ್ಯದರ್ಶಿ ತಲೆ ಎಣಿಸ್ತಿರ್ತಾರೆ. ಇಬ್ಬರು ಕಮ್ಮಿ! ಅವರು ಓಡಿ ಬಂದು ‘ಅಣ್ಣಾ, ಒಳಗೆ ಬನ್ನಿ, ಕೋರಂ ಆಗ್ತಿಲ್ಲ’ ಅಂತ ಕೈ ಮುಗಿದಾಗ ನಿಮ್ಮ ಮುಖ ನೋಡಬೇಕು. ನಿಮ್ಮ ಮದುವೆ ದಿನ ಕೂಡ ನಿಮ್ಮನ್ನ ಯಾರೂ ಅಷ್ಟು ಮರ್ಯಾದೆಯಿಂದ ಕರೆದಿರಲಿಲ್ಲ.

ಸೈನ್ ಹಾಕಿದೀನಲ್ಲ, ಸಾಲದಾ ಅಂತೀರಿ. ಸಾಲದು ಸ್ವಾಮಿ. ಕೋರಂಗೆ ಲೆಕ್ಕ ಕುರ್ಚಿ ಮೇಲೆ ಕೂತಿರೋ ಜನ, ಪುಸ್ತಕದಲ್ಲಿರೋ ಸೈನಲ್ಲ. (ಹಾಗಂತ ನೀವು ಎದ್ದು ಹೋದ ಮೇಲೂ ನಿಮ್ಮ ಸೈನು ಕೂತು ಓಟು ಹಾಕಿದ ಸಭೆಗಳು ನಮ್ಮೂರಲ್ಲಿ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ.)

ಯಾರೂ ಬರದಿದ್ರೆ ಒಬ್ಬರೇ ಕೂತು ಮುಗಿಸಿದ್ರೆ ಏನು ನಷ್ಟ? ಈ ಐಡಿಯಾನ ದಯವಿಟ್ಟು ನಿಮ್ಮ ಅಧ್ಯಕ್ಷರ ಕಿವಿಗೆ ಹಾಕಬೇಡಿ. ಇಂಗ್ಲೆಂಡಲ್ಲಿ ಒಬ್ಬರು ಮಾಡಿ ನೋಡಿದಾರೆ. ಗ್ರೇಟ್ ಕ್ಯಾರಡಾನ್ ಅಂತ ಒಂದು ಗಣಿ. ಷೇರುದಾರರ ಸಭೆ ಕರೆದ್ರು. ಬಂದ ಷೇರುದಾರ ಒಬ್ಬರೇ, ಸಿಲ್ವರ್‌ಸೈಡ್ಸ್ ಅಂತ. ಜೊತೆಗೆ ಕಾರ್ಯದರ್ಶಿ ಇದ್ರು, ಅವರಿಗೆ ಷೇರು ಇರಲಿಲ್ಲ.

ಸಿಲ್ವರ್‌ಸೈಡ್ಸ್ ಎದೆಗುಂದಲಿಲ್ಲ. ತಾವೇ ಅಧ್ಯಕ್ಷರ ಕುರ್ಚಿಯಲ್ಲಿ ಕೂತ್ರು. ಷೇರುದಾರರೆಲ್ಲ ಇಷ್ಟಿಷ್ಟು ದುಡ್ಡು ಕಟ್ಟಬೇಕು ಅಂತ ತಾವೇ ನಿರ್ಣಯ ಪಾಸ್ ಮಾಡಿದ್ರು. ಕಡೆಗೆ, ಕೇಳಿ, ಅಧ್ಯಕ್ಷರಿಗೆ ವಂದನೆ ಸಲ್ಲಿಸೋ ನಿರ್ಣಯವನ್ನೂ ತಾವೇ ಮಾಡಿದ್ರು! ಡಾಸ್ ಅನ್ನೋ ಇನ್ನೊಬ್ಬ ಷೇರುದಾರ ದುಡ್ಡು ಕಟ್ಟಲ್ಲ ಅಂದ. ಕೇಸು ಕೋರ್ಟಿಗೆ ಹೋಯ್ತು. ಒಬ್ಬರು ಕೂತ್ರೆ ಅದು ಸಭೆಯೇ ಅಲ್ಲ ಅಂತ 1876ರಲ್ಲಿ ತೀರ್ಪಾಯ್ತು. ಶಾರ್ಪ್ ವಿರುದ್ಧ ಡಾಸ್ ಅನ್ನೋ ಈ ಕೇಸನ್ನ ಕಂಪನಿ ಕಾನೂನು ಓದೋ ಹುಡುಗರು ಇವತ್ತಿಗೂ ಓದ್ತಾರೆ. ಇಡೀ ಪುಸ್ತಕದಲ್ಲಿ ಅವರಿಗೆ ನಗು ಬರೋ ಜಾಗ ಅದೊಂದೇ ಇರಬೇಕು.

ಒಬ್ಬರು ಸಾಲದು ಅಂದ್ರೆ ಎಷ್ಟು ಜನ ಬೇಕು? ಇಲ್ಲೇ ಇದೆ ನೋಡಿ ತಮಾಷೆ. ನಮ್ಮ ಸಿಪ್‌ಕಾಟಲ್ಲಿ ಟೈಟನ್ ಇದೆಯಲ್ಲ, 1984ರಲ್ಲಿ ಟಾಟಾದವರೂ ತಮಿಳುನಾಡು ಸರ್ಕಾರದ ಟಿಡ್ಕೊದವರೂ ಸೇರಿ ಶುರುಮಾಡಿದ್ದು. ಷೇರುದಾರರು ಲಕ್ಷಗಟ್ಟಲೆ. 2013ರ ಕಂಪನಿ ಕಾಯ್ದೆ ಪ್ರಕಾರ ಐದು ಸಾವಿರಕ್ಕಿಂತ ಹೆಚ್ಚು ಸದಸ್ಯರಿರೋ ಪಬ್ಲಿಕ್ ಕಂಪನಿಯ ಸಭೆಗೆ ಕೋರಂ ಎಷ್ಟು ಗೊತ್ತಾ? 30 ಜನ. ಕಂಪನಿ ತನ್ನ ನಿಯಮದಲ್ಲಿ ಹೆಚ್ಚು ಬರ್ಕೊಂಡಿಲ್ಲದಿದ್ರೆ ಅಷ್ಟೇ ಸಾಕು. ಅರ್ಧ ಗಂಟೆ ಕಾದರೂ ಅಷ್ಟು ಜನ ಬರದಿದ್ರೆ ಮುಂದಿನ ವಾರ ಅದೇ ದಿನ, ಅದೇ ಹೊತ್ತು. ಆಗಲೂ ಅರ್ಧ ಗಂಟೆ ಕಾದು, ಇದ್ದವರೇ ಕೋರಂ.

ಈಗ ತಳಿ ಕಡೆಯದೋ ಅಂಚೆಟ್ಟಿ ಕಡೆಯದೋ ಒಂದು ಪುಟ್ಟ ಊರಾಟ್ಚಿ, ಅಂದ್ರೆ ಗ್ರಾಮ ಪಂಚಾಯ್ತಿ, ತಗೊಳ್ಳಿ. ಐನೂರು ಜನಸಂಖ್ಯೆ ಅಂತಿಟ್ಕೊಳ್ಳಿ. ಗ್ರಾಮಸಭೆಗೆ 50 ಜನ ಕೂತಿರಲೇಬೇಕು. ಮೂರು ಸಾವಿರದವರೆಗೆ ಇದ್ರೆ 100, ಹತ್ತು ಸಾವಿರದವರೆಗೆ 200, ಅದಕ್ಕೂ ಮೇಲೆ 300. ಅಂದ್ರೆ ಸಾವಿರಾರು ಕೋಟಿ ವಹಿವಾಟಿನ ಲೆಕ್ಕ ಒಪ್ಪೋಕೆ 30 ಜನ, ಬೋರ್‌ವೆಲ್ ಮೋಟಾರ್ ರಿಪೇರಿ ಲೆಕ್ಕ ಒಪ್ಪೋಕೆ ಕಮ್ಮಿ ಅಂದ್ರೂ 50. ಹಳ್ಳಿಯವರನ್ನ ಕಾನೂನು ಎಷ್ಟು ದೊಡ್ಡವರು ಅಂದ್ಕೊಂಡಿದೆ ನೋಡಿ! (ನೀವೊಬ್ಬರೇ ಹಾಗೆ ಅಂದ್ಕೊಂಡಿಲ್ಲ.)

ಇನ್ನೊಂದು ಕೇಳಿ. ಕಂಪನಿ ವಾರ್ಷಿಕ ಸಭೆಯನ್ನ ರಾಷ್ಟ್ರೀಯ ರಜಾದಿನ ಮಾಡೋ ಹಾಗಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರೊಳಗೆ ಶುರುವಾಗಬೇಕು. ರಿಜಿಸ್ಟರ್ಡ್ ಆಫೀಸಲ್ಲೋ ಅದೇ ಊರಲ್ಲೋ ನಡೀಬೇಕು. ಟೈಟನ್‌ನ ದೊಡ್ಡ ಆಫೀಸು ಬೆಂಗಳೂರಲ್ಲಿದ್ರೂ ರಿಜಿಸ್ಟರ್ಡ್ ಆಫೀಸು ನಮ್ಮ ಹೊಸೂರು. ಹಾಗಾಗಿ ಕೋವಿಡ್ಡಿಗೆ ಮುಂಚೆ ಜಯನಗರ ಮಲ್ಲೇಶ್ವರದ ಷೇರುದಾರರು ಕಾರು ಹತ್ತಿ, ಅತ್ತಿಬೆಲೆ ದಾಟಿ, ನಮ್ಮೂರಿಗೆ ಬರಬೇಕಾಗ್ತಿತ್ತು. ಬೆಂಗಳೂರು ಹೊಸೂರಿಗೆ ಬಂದು ಸಹಿ ಹಾಕೋ ದಿನ! ನಮಗೆ ಅಷ್ಟು ಸಾಕಿತ್ತು.

ನೀವೂ ಎರಡು ಷೇರು ತಗೊಂಡು ಹೋಗಿದ್ರಿ ಅಲ್ವಾ? ಕೈಚೀಲದೊಳಗೆ ಇನ್ನೊಂದು ಖಾಲಿ ಚೀಲ ಮಡಚಿಟ್ಕೊಂಡು? ವಾಚ್ ಕಂಪನಿ, ಏನಾದ್ರೂ ಕೊಟ್ಟೇ ಕೊಡ್ತಾರೆ ಅಂತ ನಿಮ್ಮ ಲೆಕ್ಕ. 2015ರ ಜುಲೈ 1ರಿಂದ ಜಾರಿಯಾದ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಅಂತ ಒಂದಿದೆ. ಷೇರುದಾರರ ಸಭೆಯಲ್ಲಿ ಗಿಫ್ಟು, ಗಿಫ್ಟ್ ಕೂಪನ್ನು, ಅದರ ಬದಲು ದುಡ್ಡು, ಯಾವುದೂ ಕೂಡದು ಅಂತ ಅದು ಕಡ್ಡಾಯ ಮಾಡಿದೆ. ಯೋಚನೆ ಮಾಡಿ, ದೇಶದ ಪಂಡಿತರೆಲ್ಲ ಕೂತು ನಿಮಗೋಸ್ಕರ ಒಂದು ರೂಲು ಬರೆದಿದಾರೆ! 2020ರಿಂದ ಸಭೆ ವಿಡಿಯೋದಲ್ಲಿ ನಡೆಸೋಕೂ ಪರ್ಮಿಷನ್ ಸಿಕ್ತು. ಅವತ್ತಿಂದ ಕ್ಯಾಮೆರಾ ಆಫು, ನಿಮ್ಮ ಧ್ವನಿ ಮ್ಯೂಟು. ಪರಮಸುಖ.

ಆದ್ರೆ ಗ್ರಾಮಸಭೆ? ಕಂಪನಿಗೆ ಯಾವ ದಿನ ಕೂಡದೋ ಅದೇ ದಿನ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಜೊತೆಗೆ ಮೇ 1. ತಮಿಳುನಾಡಲ್ಲಿ 2022ರಿಂದ ಇನ್ನೆರಡು ಸೇರಿಸಿದ್ರು: ಮಾರ್ಚ್ 22 ನೀರಿನ ದಿನ, ನವೆಂಬರ್ 1 ಸ್ಥಳೀಯ ಸಂಸ್ಥೆಗಳ ದಿನ. ಜನಕ್ಕೆ ರಜ ಇರುತ್ತೆ, ಬರ್ತಾರೆ ಅನ್ನೋದು ಸರ್ಕಾರದ ನಂಬಿಕೆ. ಪಾಪ, ನೀವು ಅವತ್ತು ಹೊಗೇನಕಲ್ಲಲ್ಲಿ ಎಣ್ಣೆ ಹಚ್ಚಿಸ್ಕೊಂಡು ಮಲಗಿರ್ತೀರಿ ಅಂತ ಅವರಿಗೇನು ಗೊತ್ತು. (ನವೆಂಬರ್ 1ಕ್ಕಂತೂ ಗಡಿಯಾಚೆ ರಾಜ್ಯೋತ್ಸವ. ನೆಪಕ್ಕೆ ಅವತ್ತು ಬರವೇ ಇಲ್ಲ.)

ಹೋದವರಿಗೆ ಗೊತ್ತು, ನಮ್ಮ ಕಡೆಯ ಗ್ರಾಮಸಭೆ ಒಂದು ನೋಡೋ ವಸ್ತು. ಜಗಳ ಕನ್ನಡದಲ್ಲಿ ಶುರುವಾಗಿ ತೆಲುಗಲ್ಲಿ ಬಿಸಿಯೇರಿ ತೀರ್ಮಾನ ತಮಿಳಲ್ಲಿ ಬರ್ಕೊಳ್ತಾರೆ. ನೂರು ದಿನದ ಕೆಲಸದ ಹೆಂಗಸರು ಮುಂದೆ ಕೂತು ಕೂಲಿ ಯಾಕೆ ಬಂದಿಲ್ಲ ಅಂತ ಕೇಳ್ತಾರೆ. ನೇರವಾಗಿ, ಹೆಸರು ಹಿಡಿದು. ಇಂಗ್ಲಿಷ್ ಓದಿದ ನೀವು ಹಿಂದೆ ಆಲದ ಮರಕ್ಕೆ ಒರಗಿ ಮೊಬೈಲ್ ನೋಡ್ತಿರ್ತೀರಿ.

ಮೀಟಿಂಗ್ ಹಾಲಲ್ಲೂ ಅಷ್ಟೇ. ಹೊಸೂರು ಪಕ್ಕದ ತೊರಪಳ್ಳಿಯಲ್ಲಿ ಹುಟ್ಟಿದ ರಾಜಾಜಿ 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತ್ರು, 1948ರಲ್ಲಿ ಇಡೀ ದೇಶದ ಗವರ್ನರ್ ಜನರಲ್ ಕುರ್ಚಿಗೇ ಹೋದ್ರು. ಅದೇ ನೆಲದ ನೀವು ಹುಡುಕೋದು ಯಾವ ಕುರ್ಚಿ? ಕಡೇ ಸಾಲು, ಫ್ಯಾನಿನ ಕೆಳಗೆ, ಬಾಗಿಲ ಪಕ್ಕ, ಪ್ಲಗ್ ಪಾಯಿಂಟ್ ಇರೋದು.

ಕಂಪನಿ ಕಾನೂನಲ್ಲಿ ಪ್ರಾಕ್ಸಿ ಅಂತ ಇದಾನೆ. ಷೇರುದಾರರು ತಾವು ಬರೋಕಾಗದಿದ್ರೆ ಕಳಿಸೋ ಬದಲಿ ಆಸಾಮಿ. ಅವನು ಸಭೆಯಲ್ಲಿ ಮಾತಾಡೋ ಹಾಗಿಲ್ಲ. ಕೈ ಎತ್ತಿಸಿದ್ರೆ ಅವನ ಕೈ ಲೆಕ್ಕಕ್ಕಿಲ್ಲ. ಪೋಲ್ ಅಂತ ಮತಪತ್ರ ಹಂಚಿದ್ರೆ ಮಾತ್ರ ಓಟು. ಆ ಬಡಪಾಯಿಗೆ ಬಾಯಿ ತೆರೆಯೋ ಹಕ್ಕಿಲ್ಲ, ಕೂತಿರ್ತಾನೆ. ನಿಮಗೆ ಹಕ್ಕಿದೆ, ನೀವೂ ಕೂತಿರ್ತೀರಿ. ನೀವು ಯಾರ ಪ್ರಾಕ್ಸಿಯಾಗಿ ಬಂದಿದೀರಿ ಅಂತ ಒಮ್ಮೆ ಕೇಳಬೇಕು ಅನ್ಸುತ್ತೆ.

‘ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು.’ ಕಾರ್ಯದರ್ಶಿ ರೈಲು ತಪ್ಪೋ ಸ್ಪೀಡಲ್ಲಿ ಓದ್ತಾರೆ. ‘ಒಪ್ಪಿಗೆಯಾ?’ ‘ಒಪ್ಪಿಗೆ!’ ಏನು ಒಪ್ಪಿದ್ರಿ? ಹೋದ ವರ್ಷ ನೀವು ಹೇಳದೇ ಇದ್ದ ಮಾತನ್ನ ನೀವೇ ಹೇಳಿದ್ರಿ ಅಂತ ಒಪ್ಪಿದ್ರಿ. ಕಂಪನಿಗಳಿಗೆ ಇದರಲ್ಲಿ ಭಾರೀ ಕಟ್ಟುನಿಟ್ಟು. ಸಭೆಯಾದ 30 ದಿನದೊಳಗೆ ನಡಾವಳಿ ಪುಸ್ತಕಕ್ಕೆ ಏರಿಸಬೇಕು. ಪುಟಕ್ಕೆಲ್ಲ ನಂಬರ್ ಇರಬೇಕು. ಬೇರೆ ಹಾಳೆ ತಂದು ಅಂಟಿಸೋ ಹಾಗೇ ಇಲ್ಲ. ನಿಮ್ಮ ಸಂಘದ ಪುಸ್ತಕ ತೆರೆದು ನೋಡಿದೀರಾ? ಅದರ ಗೋಂದಿನ ಖರ್ಚಿಗೇ ಬಜೆಟ್ಟಲ್ಲಿ ಒಂದು ಸಾಲು ಬೇಕು.

ಆಮೇಲೆ ಲೆಕ್ಕಪತ್ರ. ಖಜಾಂಚಿ ‘ಇತರೆ ಖರ್ಚು’ ಅಂತ ಒಂದು ದೊಡ್ಡ ಮೊತ್ತ ಓದಿ ಮೆಲ್ಲಗೆ ಕೆಮ್ಮುತ್ತಾರೆ. ಆ ಕೆಮ್ಮಿನಲ್ಲಿ ಒಂದು ಶಾಮಿಯಾನ, ಎರಡು ಕಾರ್ ಬಾಡಿಗೆ ಕರಗಿ ಹೋಗುತ್ತೆ. ಕೇಳೋರು ಯಾರು? ನಮ್ಮವರೇ ಅಲ್ವಾ, ನಾಳೆ ಮುಖ ನೋಡಬೇಕಲ್ಲ ಅಂತ ನಿಮ್ಮ ದಾಕ್ಷಿಣ್ಯ.

ಸಾವಿರದ ನೂರು ವರ್ಷದ ಹಿಂದೆ ಇದೇ ತಮಿಳುನಾಡಲ್ಲಿ ಈ ದಾಕ್ಷಿಣ್ಯ ಇರಲಿಲ್ಲ. ಕಾಂಚೀಪುರದ ಕಡೆ ಉತ್ತಿರಮೇರೂರು ಅಂತ ಊರು. ಒಂದನೇ ಪರಾಂತಕ ಚೋಳನ ಕಾಲದಲ್ಲಿ, 919ರಲ್ಲಿ ಒಮ್ಮೆ, 921ರಲ್ಲಿ ಮತ್ತೊಮ್ಮೆ, ಊರ ಸಭೆಯ ಸಮಿತಿಗಳಿಗೆ ಯಾರು ಬರಬಹುದು ಯಾರು ಬರಬಾರದು ಅಂತ ಕಲ್ಲಿನ ಮೇಲೆ ಕೊರೆಸಿಟ್ರು. 30 ಕುಡುಂಬು, ಅಂದ್ರೆ ವಾರ್ಡು. ಹೆಸರು ಬರೆದ ಓಲೆಗಳನ್ನ ಗಡಿಗೆಗೆ ಹಾಕಿ, ಏನೂ ಅರಿಯದ ಹುಡುಗನ ಕೈಲಿ ಎತ್ತಿಸೋರು. ವಯಸ್ಸು 35 ದಾಟಿರಬೇಕು, 70 ಮೀರಿರಬಾರದು. ಸ್ವಂತ ಜಾಗದಲ್ಲಿ ಮನೆ ಇರಬೇಕು. ಹಿಂದಿನ ಮೂರು ವರ್ಷದಲ್ಲಿ ಸಮಿತಿಯಲ್ಲಿ ಇದ್ದವರು ಬರೋ ಹಾಗಿಲ್ಲ.

ಎಲ್ಲಕ್ಕಿಂತ ಜೋರು ಇದು: ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಓಲೆ ಗಡಿಗೆಗೆ ಬೀಳೋ ಹಾಗಿಲ್ಲ. ಅವನೊಬ್ಬನದೇ ಅಲ್ಲ, ಅವನ ನೆಂಟರಿಷ್ಟರದ್ದೂ ಇಲ್ಲ. ಯಾವ್ಯಾವ ನೆಂಟರು ಅಂತ ಪಟ್ಟಿಯನ್ನೂ ಕೊರೆಸಿದಾರೆ: ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಸೋದರತ್ತೆ ಮಕ್ಕಳು, ಸೋದರಮಾವ, ಭಾವಮೈದ, ಅಳಿಯ, ಹೀಗೆ. ಇದನ್ನ ನಮ್ಮ ಸಂಘಗಳಿಗೆ ಹಾಕಿದ್ರೆ ಏನಾಗುತ್ತೆ ಲೆಕ್ಕ ಹಾಕಿ. ಸಂಘಕ್ಕೆ ಸಂಘವೇ ಖಾಲಿ. ನೀವೂ ಔಟು. (ಖಜಾಂಚಿ ನಿಮ್ಮ ಷಡ್ಡಕರಲ್ವಾ? ಗೊತ್ತು, ಅದಕ್ಕೇ ನೀವು ಕೆಮ್ಮಿಗೆ ಕೆಮ್ಮು ಸೇರಿಸಿದ್ದು.)

ಕಡೆಗೆ ಬರುತ್ತೆ ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’. ಅಷ್ಟೊತ್ತಿಗೆ ಹಾಲ್ ತುಂಬ ಒಗ್ಗರಣೆ ವಾಸನೆ. ಎಚ್ಚರ ಇಲ್ಲೇ ಬೇಕಾಗಿರೋದು. ‘ಬೈಲಾದಲ್ಲಿ ಒಂದು ಸಣ್ಣ ತಿದ್ದುಪಡಿ, ಎಲ್ಲರೂ ಕೈ ಎತ್ತಿಬಿಡಿ’ ಅಂತ ನಗುನಗುತ್ತಾ ತರೋದು ಈ ಹೊತ್ತಲ್ಲೇ. ನೀವೋ, ಊಟಕ್ಕೆ ಏಳೋ ಭರದಲ್ಲಿ ಎರಡೂ ಕೈ ಎತ್ತಿರ್ತೀರಿ. ಬೈಲಾ ತಿದ್ದೋಕೆ ವಿಶೇಷ ನಿರ್ಣಯ ಬೇಕು, ಅದು ಹಾಗೆಲ್ಲ ಆಗಲ್ಲ. ಇಂಥದ್ದನ್ನ ವಿಶೇಷ ನಿರ್ಣಯವಾಗಿ ತರ್ತೀವಿ ಅಂತ 21 ದಿನ ಮುಂಚೆ ನೋಟಿಸು ಕೊಟ್ಟಿರಬೇಕು, ಓಟು ಹಾಕಿದವರಲ್ಲಿ ನಾಲ್ಕರಲ್ಲಿ ಮೂರು ಭಾಗ ಒಪ್ಪಬೇಕು. ‘ನೋಟಿಸಲ್ಲಿ ಇದೆಯಾ ಸಾರ್?’ ಅಂತ ಮೂರು ಪದ ಕೇಳಿದ್ರೆ ಮುಗೀತು. ನೋಟಿಸು ನಿಮ್ಮ ಜೇಬಲ್ಲೇ ಇರುತ್ತೆ, ಎಲೆ ಅಡಿಕೆ ಸುತ್ತಿರ್ತೀರಿ.

ಮಾತಾಡೋದು ಹೇಗೆ ಸಾರ್, ಆ ಮುಂದಿನ ಸಾಲಿನ ಯಜಮಾನರು ಮೈಕ್ ಬಿಟ್ರೆ ತಾನೇ ಅಂತೀರಿ. ಒಪ್ಪಿದೆ. ಪ್ರತಿ ಸಂಘದಲ್ಲೂ ಅಂಥವರು ಒಬ್ಬರು. ‘ಎರಡೇ ನಿಮಿಷ’ ಅಂತ ಶುರುಮಾಡಿ 1983ಕ್ಕೆ ಹೋಗಿಬಿಡ್ತಾರೆ. ಅಮೆರಿಕದಲ್ಲೂ ಇಂಥವರಿದ್ರು. ಹೆನ್ರಿ ಮಾರ್ಟಿನ್ ರಾಬರ್ಟ್ ಅಂತ ಸೈನ್ಯದ ಎಂಜಿನಿಯರು, 1863ರಲ್ಲಿ ನ್ಯೂ ಬೆಡ್‌ಫರ್ಡ್ ಅನ್ನೋ ಊರಿನ ಚರ್ಚಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಬೇಕಾಯ್ತು. ಸಭೆ ನಡೆಸೋದು ಹೇಗೆ ಅಂತ ಗೊತ್ತಿಲ್ಲ, ಗಲಾಟೆಯೋ ಗಲಾಟೆ. ಆ ಅವಮಾನಕ್ಕೆ ಅವರು ಕೂತು ಓದಿ, ಬರೆದು, 1876ರಲ್ಲಿ ಸಭಾನಿಯಮಗಳ ಪುಸ್ತಕ ತಂದ್ರು. ನಮ್ಮ ಸಿಲ್ವರ್‌ಸೈಡ್ಸ್ ಕೇಸಿನ ಅದೇ ವರ್ಷ!

ರಾಬರ್ಟರ ನಿಯಮದಲ್ಲಿ ಒಂದು ವಿಷಯದ ಮೇಲೆ ಒಬ್ಬರು ಒಂದು ದಿನಕ್ಕೆ ಎರಡೇ ಸಲ ಮಾತಾಡಬಹುದು, ಒಂದೊಂದು ಸಲಕ್ಕೆ ಹತ್ತು ನಿಮಿಷ. ಎರಡನೇ ಸಲ ಏಳಬೇಕಾದ್ರೆ, ಇನ್ನೂ ಮಾತಾಡದವರು ಯಾರೂ ಕೈ ಎತ್ತಿರಬಾರದು. ಅಂದ್ರೆ ನೀವು ಕೈ ಎತ್ತಿದ್ರೆ ಯಜಮಾನರು ಕೂರಬೇಕು. ನಿಮ್ಮ ಒಂದು ಕೈಗೆ ಅಷ್ಟು ತಾಕತ್ತು! ಆ ಕೈಲಿ ನೀವು ಏನು ಮಾಡ್ತಿದೀರಿ? ಬಾಳೆಎಲೆ ಹಾಕೋ ಕಡೆಗೆ ಟವೆಲ್ ಎಸೆದು ಜಾಗ ಹಿಡೀತಿದೀರಿ.

ವಂದನಾರ್ಪಣೆ ಕೇಳಿದವರು ಈ ಭೂಮಿ ಮೇಲೆ ಯಾರೂ ಇಲ್ಲ, ಅದರ ಬಗ್ಗೆ ಮಾತು ಬೇಡ.

ನಿಜವಾದ ಸಭೆ ಶುರುವಾಗೋದು ಆಮೇಲೆ, ತಾಲ್ಲೂಕು ಆಫೀಸಿನ ಹತ್ತಿರದ ಟೀ ಅಂಗಡಿಯಲ್ಲಿ. ಅಲ್ಲಿ ನೀವು ಹುಲಿ. ‘ಆ ಶಾಮಿಯಾನ ಬಿಲ್ಲು ನಂಗೊತ್ತಿಲ್ವಾ?’ ‘ಬೈಲಾ ತಿದ್ದೋಕೆ ಅವನ್ಯಾರು?’ ಕೋರಂ ಕೇಳೋದೇ ಬೇಡ, ಬೆಂಚು ತುಂಬಿ ಇಬ್ಬರು ನಿಂತಿರ್ತಾರೆ. ಎಲ್ಲ ನಿರ್ಣಯವೂ ಸರ್ವಾನುಮತ. ಏನು ತರ್ಕ, ಏನು ಧೈರ್ಯ! ಟೀ ಅಂಗಡಿಯವರು ನಡಾವಳಿ ಬರೆಯಲ್ಲ, ಅದೊಂದೇ ಕೊರತೆ.

ಆ ಮಾತಲ್ಲಿ ಅರ್ಧದಷ್ಟು ಒಳಗೆ ಆಡಿ ನೋಡಿ. ಉದ್ದ ಬೇಡ. ಅಧ್ಯಕ್ಷರು ತಪ್ಪು ದಾರಿ ಹಿಡಿದ್ರೆ ‘ಪಾಯಿಂಟ್ ಆಫ್ ಆರ್ಡರ್’ ಅನ್ನಿ. ಒಪ್ಪಿಗೆ ಇಲ್ಲದಿದ್ರೆ ‘ನನ್ನ ವಿರೋಧ ಇದೆ, ಬರ್ಕೊಳ್ಳಿ’ ಅನ್ನಿ, ಬರ್ಕೊಂಡ್ರಾ ಅಂತ ಎದ್ದು ಹೋಗಿ ನೋಡಿ. ಅದೂ ಆಗಲ್ವಾ? ಹಾಗಾದ್ರೆ ಈ ಸಲ ಕಮಿಟಿ ಎಲೆಕ್ಷನ್‌ಗೆ ನೀವೇ ನಿಂತ್ಬಿಡಿ, ಬೈಯೋಕೆ ನಾವೆಲ್ಲ ಇದೀವಿ. ನಾಮಪತ್ರದ ಫಾರಂ ಕಾರ್ಯದರ್ಶಿ ಹತ್ರ ಇದೆ, ಕೇಳಿ ಇಸ್ಕೊಳ್ಳಿ.